ಪ್ರೊಸೆಸರಿಗೆ ತಂಪು: ನೀರೋ, ಗಾಳಿಯೋ?

ಏಪ್ರಿಲ್-ಮೇ ತಿಂಗಳಲ್ಲಿ ಕಂಪ್ಲಿಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸ ಸಂಗತಿಯೇನಲ್ಲ. ಆಗ ಮನುಷ್ಯ ಬೆವರುತ್ತಾನೆ. ಬೆವರಲು ಬಾರದ ಕಂಪ್ಯೂಟರಿಗೆ ಕೂಲರ್ ಬೇಕು. ಪ್ರೊಸೆಸರನ್ನು ಅದರ ನಿಗದಿತ ವೇಗಕ್ಕಿಂತ ಜೋರಾಗಿ ಓಡಿಸುವ 'ಓವರ್‌ಕ್ಲಾಕಿಂಗ್' ಹವ್ಯಾಸವಿದ್ದವರಿಗಂತೂ ಇದು ದೊಡ್ಡ ಪ್ರಶ್ನೆ: ಗಾಳಿಯ ಕೂಲರ್ ಸಾಕೇ, ಹೆಚ್ಚು ಹಣ ತೆತ್ತು ನೀರಿನದನ್ನೇ ತರಬೇಕೇ?

ಮೊದಲು ಶಾಖದ ಲೆಕ್ಕ ನೋಡೋಣ. ಪ್ರೊಸೆಸರಿನ ಶಾಖ ಅದರ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿ ಏರುತ್ತದೆ. 4 ಗಿಗಾಹರ್ಟ್ಸ್‌ನಿಂದ 5ಕ್ಕೆ, 1.2 ವೋಲ್ಟ್‌ನಿಂದ 1.35ಕ್ಕೆ ಏರಿಸಿದರೆ ವೇಗ ಹೆಚ್ಚುವುದು ಶೇ. 25ರಷ್ಟು, ಶಾಖ ಮಾತ್ರ ಸುಮಾರು ಶೇ. 58ರಷ್ಟು! 125 ವಾಟ್ ಇದ್ದದ್ದು 200ರ ಹತ್ತಿರ ಬರುತ್ತದೆ.

ಗಾಳಿಯ ಕೂಲರಿನಲ್ಲಿ ತಾಮ್ರದ ಕೊಳವೆಗಳು ಶಾಖವನ್ನು ಅಲ್ಯೂಮಿನಿಯಂ ರೆಕ್ಕೆಗಳಿಗೆ ಒಯ್ಯುತ್ತವೆ, ಫ್ಯಾನು ಅದನ್ನು ಹೊರಗೆ ಊದುತ್ತದೆ. ಮೋಟರ್ ಬೈಕಿನ ಎಂಜಿನ್ನಿಗಿರುವ ರೆಕ್ಕೆಗಳದ್ದೂ ಇದೇ ಕೆಲಸ. ನೀರಿನ ಕೂಲರಿನಲ್ಲಿ ಪುಟ್ಟ ಪಂಪು ದ್ರವವನ್ನು ರೇಡಿಯೇಟರಿಗೆ ಸಾಗಿಸುತ್ತದೆ. ಅಷ್ಟೇ ಗಾತ್ರದ ಗಾಳಿಗಿಂತ ನೀರು ಮೂರು ಸಾವಿರಕ್ಕೂ ಹೆಚ್ಚು ಪಟ್ಟು ಶಾಖವನ್ನು ಹೊರಬಲ್ಲದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕಾರ್ಯಾರಂಭ ಮಾಡಿದ, 3.3 ಪೆಟಾಫ್ಲಾಪ್ ಸಾಮರ್ಥ್ಯದ 'ಪರಮ್ ಪ್ರವೇಗ' ಸೂಪರ್ ಕಂಪ್ಯೂಟರಿಗೆ ದ್ರವದ ತಂಪು ಒದಗಿಸಿರುವುದು ಈ ಗುಣಕ್ಕಾಗಿಯೇ.

ಆದರೆ ಒಂದು ತಪ್ಪು ಕಲ್ಪನೆ ಬೇಡ. ಮಡಕೆಯ ನೀರು ಹೊರಗಿನ ಗಾಳಿಗಿಂತ ತಣ್ಣಗಿರುವುದು ಅದು ಜಿನುಗಿ ಆವಿಯಾಗುವುದರಿಂದ. ಕೂಲರಿನ ನೀರು ಮುಚ್ಚಿದ ಕೊಳವೆಯಲ್ಲೇ ಸುತ್ತುತ್ತದೆ, ಕೊನೆಗೆ ಶಾಖವನ್ನು ಕೋಣೆಯ ಗಾಳಿಗೇ ಕೊಡುತ್ತದೆ. ಆದ್ದರಿಂದ ಎರಡು ಬಗೆಯ ಕೂಲರುಗಳೂ ಪ್ರೊಸೆಸರನ್ನು ಕೋಣೆಗಿಂತ ತಣ್ಣಗೆ ಮಾಡಲಾರವು. ಪ್ರತಿ ವಾಟಿಗೆ ಗಾಳಿಯ ಕೂಲರಿನಲ್ಲಿ 0.25 ಡಿಗ್ರಿ, ನೀರಿನದರಲ್ಲಿ 0.20 ಡಿಗ್ರಿ ಏರಿಕೆ ಎಂದಿಟ್ಟುಕೊಳ್ಳಿ. 200 ವಾಟಿಗೆ ಅದು 50 ಮತ್ತು 40 ಡಿಗ್ರಿಯಾಯಿತು. ಕೋಣೆ 25 ಡಿಗ್ರಿ ಇರುವ ಜನವರಿಯಲ್ಲಿ ಪ್ರೊಸೆಸರ್ 75 ಅಥವಾ 65ರಲ್ಲಿರುತ್ತದೆ. ಕೋಣೆ 42 ಡಿಗ್ರಿಯಾದ ಮೇ ತಿಂಗಳಲ್ಲಿ 92 ಅಥವಾ 82! ಅನೇಕ ಪ್ರೊಸೆಸರುಗಳು 95-100 ಡಿಗ್ರಿಯ ಹೊತ್ತಿಗೆ ತಾವಾಗಿಯೇ ವೇಗ ತಗ್ಗಿಸುತ್ತವೆ. ಅಲ್ಲಿಗೆ ಓವರ್‌ಕ್ಲಾಕಿಂಗಿನ ಲಾಭವೆಲ್ಲ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದಂತೆ.

ಇನ್ನು ಧೂಳು. ಸಂಡೂರು-ಹೊಸಪೇಟೆ ಕಡೆ ಅದಿರಿನ ಕೆಂಧೂಳು, ಕಂಪ್ಲಿಯಲ್ಲಿ ಅಕ್ಕಿ ಗಿರಣಿಗಳ ಹೊಟ್ಟಿನ ಧೂಳು. ರೆಕ್ಕೆಗಳ ಸಂದಿಯಲ್ಲಿ ಇದು ಕೂತರೆ ನೀರಿನ ಕೂಲರೂ ಸೋಲುತ್ತದೆ. ಗಾಳಿಯ ಕೂಲರಿನ ಫ್ಯಾನು ಕೆಟ್ಟರೆ ಹೊಸದು ಹಾಕಬಹುದು. ನೀರಿನದರ ಪಂಪು ನಿಂತರೆ ಸಾಮಾನ್ಯವಾಗಿ ಕೂಲರನ್ನೇ ಬದಲಿಸಬೇಕು. ಸೋರಿದರೆ ಇಡೀ ಕಂಪ್ಯೂಟರಿಗೇ ಅಪಾಯ.

ಹಗಲೆಲ್ಲ ಪೂರ್ಣ ಹೊರೆಯಲ್ಲಿ ದುಡಿಸುವವರಿಗೆ ದೊಡ್ಡ ರೇಡಿಯೇಟರಿನ ನೀರಿನ ಕೂಲರ್ ಸರಿ. ಉಳಿದವರಿಗೆ ಒಳ್ಳೆಯ ಗಾಳಿಯ ಕೂಲರ್ ಸಾಕು. ತಿಂಗಳಿಗೊಮ್ಮೆ ಯಂತ್ರ ಆರಿಸಿ ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆಯಿರಿ, ಬೇಸಿಗೆಯ ಎರಡು ತಿಂಗಳು ವೇಗವನ್ನೂ ವೋಲ್ಟೇಜನ್ನೂ ಮೊದಲಿನ ಮಟ್ಟಕ್ಕೆ ಇಳಿಸಿರಿ. ಇದಕ್ಕೆ ಕಾಸೂ ಖರ್ಚಿಲ್ಲ!