ಗೊತ್ತಿದ್ದೇ ಇಟ್ಟ ಮದ್ದು

ತಿಳಿಯದೆ ಆಯಿತು ಅನ್ನುವ ಸಬೂಬು ಇಲ್ಲಿ ನಡೆಯುವುದಿಲ್ಲ. 2020ರ ಮೇ 24ರಂದು ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ ರಿಯೊ ಟಿಂಟೊ ಕಂಪನಿ ಜೂಕನ್ ಕಣಿವೆಯ ಎರಡು ಕಲ್ಲಾಸರೆಗಳಿಗೆ ಮದ್ದಿಟ್ಟು ಉಡಾಯಿಸಿತು. ಕಬ್ಬಿಣದ ಅದಿರಿಗಾಗಿ. ಅವುಗಳಲ್ಲೊಂದರಲ್ಲಿ 46,000 ವರ್ಷಗಳ ಹಿಂದೆಯೇ ಮನುಷ್ಯರು ತಂಗಿದ್ದರು.

2014ರಲ್ಲಿ ಪುರಾತತ್ವಜ್ಞರೂ ಆ ನೆಲದ ವಾರಸುದಾರರಾದ ಪೂಟು ಕುಂಟಿ ಕುರ್ರಮ, ಪಿನಿಕುರ ಜನರೂ ಕೂಡಿ ಅಲ್ಲಿ ಅಗೆದಿದ್ದರು. ಸಾವಿರಾರು ವಸ್ತುಗಳು ಸಿಕ್ಕವು. ಅದರಲ್ಲೊಂದು ತಲೆಗೂದಲಿನ ಹೆಣಿಗೆ. ಹಲವರ ಕೂದಲು ಸೇರಿಸಿ ಹೆಣೆದ ನಡುಪಟ್ಟಿಯ ತುಂಡು, ಸುಮಾರು 4,000 ವರ್ಷ ಹಳೆಯದು. ಡಿಎನ್‌ಎ ನೋಡಿದರೆ, ಇವತ್ತಿಗೂ ಇರುವ ಈ ಜನರ ಹಿರಿಯರದೇ ಕೂದಲು! ಯಾವ ಅರಮನೆಯವರ ಬಳಿ ಇಂಥ ವಂಶಾವಳಿ ಇದೆ, ತೋರಿಸಿ. ಆ ಅಗೆತಕ್ಕೆ ದುಡ್ಡು ಕೊಟ್ಟದ್ದೂ ಕಂಪನಿಯೇ.

ಆದರೆ ಉಡಾಯಿಸಲು 2013ರಲ್ಲೇ ಮಂತ್ರಿಗಳ ಅಪ್ಪಣೆ ಆಗಿಹೋಗಿತ್ತು. ಅದೂ ಪರಂಪರೆಯನ್ನು ಕಾಯಬೇಕಾದ 1972ರ ಕಾಯ್ದೆಯ 18ನೇ ಕಲಮಿನಡಿ. ಆಮೇಲೆ ನೆಲದಿಂದ ಏನೇ ಎದ್ದುಬಂದರೂ ಆ ಅಪ್ಪಣೆಯನ್ನು ಮರುಪರಿಶೀಲಿಸಿ ಎಂದು ಕೇಳಲು ಆ ಜನರಿಗೆ ದಾರಿಯಿರಲಿಲ್ಲ. ಬದುಕಿದ್ದವನಿಗೆ ಮರಣೋತ್ತರ ಪರೀಕ್ಷೆ ಮಾಡಿ ಕೊಂದರು, ಅಷ್ಟೆ.

ಗಣಿಗುಂಡಿಗೆ ನಾಲ್ಕು ಯೋಜನೆಗಳಿದ್ದವು. ಮೂರು ಈ ಆಸರೆಗಳ ಗೋಜಿಗೇ ಹೋಗುತ್ತಿರಲಿಲ್ಲ. ನಾಲ್ಕನೆಯದರಲ್ಲಿ 80 ಲಕ್ಷ ಟನ್ ಅದಿರು ಹೆಚ್ಚು ಸಿಗುತ್ತಿತ್ತು. ಉಳಿದ ಮೂರರ ಸುದ್ದಿಯನ್ನೇ ಆ ಜನರ ಕಿವಿಗೆ ಹಾಕಲಿಲ್ಲ. ಇದಕ್ಕೆ ಸಹಭಾಗಿತ್ವ ಅಂತ ಹೆಸರು! 2020ರ ಅದೇ ಮೇ ತಿಂಗಳಲ್ಲಿ, ನಮ್ಮ ಜಾಗಕ್ಕೆ ಹೋಗಿಬರಬೇಕು ಎಂದು ಅವರು ಕೇಳಿದಾಗ ಸಿಕ್ಕ ಉತ್ತರ: ಕುಳಿಗಳಿಗೆ ಮದ್ದು ತುಂಬಿಯಾಗಿದೆ.

ಆಮೇಲೆ ನಡೆಯುವುದೆಲ್ಲ ನಡೆಯಿತು. ಕ್ಷಮಾಪಣೆ, ಸಂಸದೀಯ ವಿಚಾರಣೆ, ಮೂವರು ದೊಡ್ಡ ಅಧಿಕಾರಿಗಳ ನಿರ್ಗಮನ. ಪರಂಪರೆ ಕಾಯುವ ಹೊಸ ಕಾಯ್ದೆ 2023ರ ಜುಲೈ 1ರಂದು ಜಾರಿಗೆ ಬಂತು. ಜಮೀನುದಾರರು ಬೊಬ್ಬೆ ಹೊಡೆದರು. ಆರು ವಾರ ತುಂಬುವ ಮೊದಲೇ ಸರ್ಕಾರ ಅದನ್ನು ಕೈಬಿಡುವುದಾಗಿ ಸಾರಿ, 1972ರ ಕಾಯ್ದೆಗೇ ತೇಪೆ ಹಚ್ಚಿ ವಾಪಸ್ ತಂದಿತು. ನಾಚಿಕೆಯ ಆಯುಸ್ಸು ಅಷ್ಟೇ.

ಬಳ್ಳಾರಿ ಪಕ್ಕದ ಕುಪ್ಪಗಲ್ಲು ಗುಡ್ಡದಲ್ಲಿ ನವಶಿಲಾಯುಗದವರು ಚಿತ್ರ ಕೊರೆದ ಬಂಡೆಗಳನ್ನು ಕಲ್ಲುಕ್ವಾರಿಯ ಬಾಯಿಗೆ ಕೊಟ್ಟವರು ನಾವು. ಪರದೇಶದ ಸುದ್ದಿ ಎಂದು ಪತ್ರಿಕೆ ಮಡಚಿಡುವ ಯೋಗ್ಯತೆ ನಮಗಿಲ್ಲ.

ಸಂಶೋಧಕರೇ, ಬೇಡ ಎನ್ನುವ ಹಕ್ಕು ಆ ನೆಲದವರ ಕೈಯಲ್ಲಿಲ್ಲದ ಕಡೆ ಗುದ್ದಲಿ ಮುಟ್ಟಬೇಡಿ. ವರದಿಯ ಮುನ್ನುಡಿಯಲ್ಲಿ ನೀವು ಸಲ್ಲಿಸುವ ಕೃತಜ್ಞತೆ ಅವರಿಗೆ ಯಾತಕ್ಕೂ ಬರುವುದಿಲ್ಲ. ಅವರ ಒಪ್ಪಿಗೆಯಿಲ್ಲದೆ ಒಂದು ಕುಳಿಯನ್ನೂ ಕೊರೆಯಕೂಡದು ಎಂದು ಮೊದಲು ಕಾಗದದ ಮೇಲೆ ಬರೆಸಿಕೊಳ್ಳಿ.