ತಳಿ ಸುಧಾರಣೆಯ ವೇಗ ಮತ್ತು ರಕ್ತಸಂಬಂಧದ ಮಿತಿ

ಹೆಬ್ಬಾಳದಲ್ಲಿ 1958ರಲ್ಲಿ ಪಶುವೈದ್ಯಕೀಯ ಕಾಲೇಜು ಆರಂಭಗೊಂಡಾಗ, ನಾಡಿನ ಬಹುತೇಕ ಗ್ರಾಮಗಳಲ್ಲಿ ಬೆದೆಗೆ ಬಂದ ಹಸುವಿಗೆ ಊರಿನ ಹೋರಿಯೇ ಗತಿಯಾಗಿತ್ತು. 1969ರಲ್ಲಿ ಸಮೀಪದ ಹೆಸರಘಟ್ಟದಲ್ಲಿ ಡೆನ್ಮಾರ್ಕ್ ದೇಶದ ನೆರವಿನೊಂದಿಗೆ ಕೇಂದ್ರೀಯ ಘನೀಕೃತ ವೀರ್ಯ ಉತ್ಪಾದನಾ ಕೇಂದ್ರವು ಸ್ಥಾಪನೆಗೊಂಡ ತರುವಾಯ ಈ ಸ್ಥಿತಿಯು ಕ್ರಮೇಣ ಬದಲಾಯಿತು. ಇಂದು ಒಂದೇ ಉತ್ತಮ ಹೋರಿಯಿಂದ ಸಾವಿರಾರು ಕರುಗಳನ್ನು ಪಡೆಯಬಹುದಾಗಿದ್ದು, ಹಾಲಿನ ಇಳುವರಿಯ ಹೆಚ್ಚಳಕ್ಕೆ ಇದು ಮುಖ್ಯ ಕಾರಣವಾಗಿದೆ. ಅಪಾಯವಿರುವುದೂ ಇದರಲ್ಲಿಯೇ.

ಹಿಂಡಿನಲ್ಲಿ ಹಸುಗಳು ಎಷ್ಟೇ ಇರಲಿ, ರಕ್ತಸಂಬಂಧದ ಏರಿಕೆಯನ್ನು ನಿರ್ಧರಿಸುವುದು ಬಹುಮಟ್ಟಿಗೆ ಹೋರಿಗಳ ಸಂಖ್ಯೆ. ಪ್ರತಿ ಪೀಳಿಗೆಗೆ 10 ಹೋರಿಗಳನ್ನು ಬಳಸಿದಲ್ಲಿ ರಕ್ತಸಂಬಂಧವು ಸುಮಾರು ಶೇ. 1.25ರಷ್ಟು ಏರುತ್ತದೆ; 4 ಹೋರಿಗಳಾದರೆ ಶೇ. 3ನ್ನು ಮೀರುತ್ತದೆ, 50 ಹೋರಿಗಳಿದ್ದಲ್ಲಿ ಶೇ. 0.25ಕ್ಕೆ ಇಳಿಯುತ್ತದೆ. ಪೀಳಿಗೆಯೊಂದಕ್ಕೆ ಶೇ. 1ರೊಳಗೆ ಇರಬೇಕೆಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಸಲಹೆ. ಆದರೆ 50ನೆಯ ಹೋರಿಯು ಮೊದಲನೆಯದರಷ್ಟು ಉತ್ತಮವಾಗಿರುವುದಿಲ್ಲ. ಆದುದರಿಂದ ಇಂದಿನ ಹಾಲು ಹಾಗೂ ಮುಂದಿನ ಪೀಳಿಗೆಯ ಆರೋಗ್ಯ ಇವೆರಡನ್ನೂ ತೂಗಿ ನೋಡುವುದು ಅನಿವಾರ್ಯವಾಗುತ್ತದೆ.

ಅಮೆರಿಕದ ಹೋಲ್‌ಸ್ಟೀನ್ ತಳಿಯ ಅನುಭವವು ಇಲ್ಲಿ ಗಮನಾರ್ಹ. 1962ರಲ್ಲಿ ಜನಿಸಿದ ‘ಪಾನಿ ಫಾರ್ಮ್ ಅರ್ಲಿಂಡಾ ಚೀಫ್’ ಎಂಬ ಹೋರಿಯ ಹೆಣ್ಣು ಸಂತತಿಯು ಹಾಲಿಗೆ ಹೆಸರಾಯಿತು. ಆ ತಳಿಯ ವಂಶವಾಹಿಗಳಲ್ಲಿ ಸುಮಾರು ಶೇ. 14ರಷ್ಟು ಈ ಒಂದೇ ಹೋರಿಯಿಂದ ಬಂದವು. ಅದರೊಡನೆ ಅಡಗಿದ್ದ ದೋಷವೊಂದೂ ಹರಡಿತು. ತಂದೆ ತಾಯಿ ಇಬ್ಬರಿಂದಲೂ ಆ ದೋಷವನ್ನು ಪಡೆದ ಭ್ರೂಣವು ಗರ್ಭದಲ್ಲಿಯೇ ಸಾಯುತ್ತದೆ. ಹೀಗೆ ಜಗತ್ತಿನಾದ್ಯಂತ 5 ಲಕ್ಷಕ್ಕೂ ಹೆಚ್ಚು ಗರ್ಭಪಾತಗಳಾದವೆಂದು ಅಂದಾಜಿಸಲಾಗಿದೆ. ದೋಷದ ಮೂಲವು ಪತ್ತೆಯಾಗಲು ಸುಮಾರು ಅರ್ಧ ಶತಮಾನ ಬೇಕಾಯಿತು.

ನಮ್ಮಲ್ಲಿ ನಾಟಿ ಹಸುವಿಗೆ ವಿದೇಶಿ ಹೋರಿಯ ವೀರ್ಯವನ್ನು ನೀಡಿದಾಗ ಹುಟ್ಟಿದ ಮೊದಲ ಪೀಳಿಗೆಯ ಮಿಶ್ರತಳಿ ಕರುವಿಗೆ ಇಂತಹ ಭಯವಿರಲಿಲ್ಲ. ತಂದೆ ತಾಯಿಗಳ ನಡುವೆ ಹತ್ತಿರದ ಸಂಬಂಧವೇ ಇರಲಿಲ್ಲ. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಕೋಳಿಯ ಬಲವೂ ಭಿನ್ನ ತಳಿಗಳ ಸಂಕರದಿಂದಲೇ ಬಂದುದು. ಆದರೆ ಮಿಶ್ರತಳಿ ಹಸುಗಳು ಈಗ ಮೂರು, ನಾಲ್ಕನೆಯ ಪೀಳಿಗೆಯನ್ನು ದಾಟಿರುವೆಡೆಗಳಲ್ಲಿ ಆ ರಕ್ಷಣೆಯು ಕರಗುತ್ತಿದೆ.

ಘನೀಕೃತ ವೀರ್ಯವು ಮೈನಸ್ 196 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ದಶಕಗಳ ಕಾಲ ಕೆಡದು. ಹೋರಿಯು ಸತ್ತರೂ ವೀರ್ಯನಳಿಕೆಯು ಉಳಿದಿರುತ್ತದೆ. ಅದೇ ಹೋರಿಗೆ ಹುಟ್ಟಿದ ಕಡಸು ಸುಮಾರು ಒಂದೂವರೆ ವರ್ಷದಲ್ಲಿ ಬೆದೆಗೆ ಬಂದಾಗ ಅದೇ ನಳಿಕೆಯನ್ನು ಬಳಸಿದಲ್ಲಿ, ಹುಟ್ಟುವ ಕರುವಿನ ರಕ್ತಸಂಬಂಧದ ಪ್ರಮಾಣ ಶೇ. 25. ಊರ ಹೋರಿಯಾದರೆ ಮಾಲೀಕನು ಗುರುತಿಸಿ ಬೇಡವೆನ್ನುತ್ತಿದ್ದನು. ನಳಿಕೆಗೆ ಮುಖವಿಲ್ಲ, ಸಂಖ್ಯೆ ಮಾತ್ರ ಇದೆ.

2024ರ ಅಕ್ಟೋಬರ್‌ನಲ್ಲಿ ದೇಶೀಯ ಹಸುಗಳಿಗಾಗಿ ‘ಗೌ ಚಿಪ್’, ಎಮ್ಮೆಗಳಿಗಾಗಿ ‘ಮಹಿಷ್ ಚಿಪ್’ ಬಿಡುಗಡೆಯಾಗಿವೆ. ಇವುಗಳ ನೆರವಿನಿಂದ ಕರುವಾಗಿರುವಾಗಲೇ ಹೋರಿಯ ಯೋಗ್ಯತೆಯನ್ನು ಅಂದಾಜಿಸಬಹುದು. ಹೆಣ್ಣುಮಕ್ಕಳ ಹಾಲನ್ನು ಅಳೆಯುವವರೆಗೆ ವರ್ಷಗಟ್ಟಲೆ ಕಾಯಬೇಕಾಗಿಲ್ಲ. ಆದರೆ ಪೀಳಿಗೆಗಳು ಬೇಗ ಉರುಳಿದಷ್ಟೂ ರಕ್ತಸಂಬಂಧವೂ ಬೇಗ ಏರುತ್ತದೆ. ಅಮೆರಿಕದಲ್ಲಿ 2009ರ ನಂತರ ಆದುದು ಇದೇ. ಅದೇ ಚಿಪ್ ಪ್ರಾಣಿಗಳ ನಡುವಿನ ಸಂಬಂಧವನ್ನೂ ತೋರಿಸಬಲ್ಲದು. ಆ ಮಾಹಿತಿಯನ್ನು ಹೋರಿಗಳ ಆಯ್ಕೆಯಲ್ಲಿ ಬಳಸಿದಲ್ಲಿ ಮಾತ್ರ ಪೂರ್ಣ ಪ್ರಯೋಜನ ದೊರೆಯುವುದು. ಅಮೃತಮಹಲ್‌ನಂತಹ ಸಣ್ಣ ತಳಿಗಳಲ್ಲಿ ಇದು ಇನ್ನೂ ಮುಖ್ಯ: 1860ರಲ್ಲಿ ಮಾರಿಹೋದ ಆ ಹಿಂಡನ್ನು 1866ರಲ್ಲಿ ಮತ್ತೆ ಕಟ್ಟಬೇಕಾಯಿತು.

ಜಾನುವಾರು ಮಾಲೀಕರು ಕೃತಕ ಗರ್ಭಧಾರಣೆಯ ಸಮಯದಲ್ಲಿ ವೀರ್ಯನಳಿಕೆಯ ಮೇಲೆ ಮುದ್ರಿತವಾದ ಹೋರಿಯ ಸಂಖ್ಯೆಯನ್ನು ಕೇಳಿ, ಹಸುವಿನ ಕಿವಿಯೋಲೆಯ 12 ಅಂಕಿಗಳ ಸಂಖ್ಯೆಯೊಂದಿಗೆ ಬರೆದಿಟ್ಟುಕೊಳ್ಳುವುದು. ಕಡಸು ಬೆದೆಗೆ ಬಂದಾಗ ಆ ಚೀಟಿಯನ್ನು ಪಶುವೈದ್ಯರಿಗೆ ತೋರಿಸಿ, ಬೇರೆ ಹೋರಿಯ ನಳಿಕೆಯನ್ನು ಕೇಳಿ ಪಡೆಯತಕ್ಕದ್ದು.