ಹಿರಿಯರ ಗಟ್ಟಿತನಕ್ಕೂ ಒಂದು ಕಾಲಂ ಇರಲಿ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಿವೃತ್ತರಿಗೆ ಬರವಿಲ್ಲ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇಲ್ಲೇ, ಕೈಗಾರಿಕಾ ವಸಾಹತೂ ಇಲ್ಲೇ. ಅಲ್ಲಿ ದುಡಿದವರು ಎಷ್ಟೋ ಮಂದಿ ಸುತ್ತಲಿನ ಬಡಾವಣೆಗಳಲ್ಲೇ ಮನೆ ಮಾಡಿಕೊಂಡು ಉಳಿದಿದ್ದಾರೆ. ಇವರಲ್ಲೊಬ್ಬರು ದವಾಖಾನೆಗೆ ಹೋದರೆ ಚೀಟಿಯಲ್ಲಿ ಏನು ಬರೆಯುತ್ತಾರೆ? ಬಿ.ಪಿ. ಎಷ್ಟು, ಶುಗರ್ ಎಷ್ಟು, ಮೊಣಕಾಲು ಎಷ್ಟು ಸವೆದಿದೆ. ಮನಸ್ಸಿನ ಲೆಕ್ಕ ತೆಗೆದರೂ ಅದೇ ಧಾಟಿ: ಮರೆವು ಇದೆಯೇ, ಬೇಸರ ಇದೆಯೇ, ಸ್ನಾನಕ್ಕೆ ಯಾರಾದರೂ ಜೊತೆ ಬೇಕೇ. ರಾತ್ರಿ ಪಾಳಿಯಲ್ಲಿ ಅರಬೈಲ್ ಘಟ್ಟ ಇಳಿಸಿ, ಬಸ್ಸು ತುಂಬ ಜನರನ್ನು ಅಂಕೋಲೆಗೆ ಮುಟ್ಟಿಸಿದ ಡ್ರೈವರ್ ಒಬ್ಬರ ಎಚ್ಚರಕ್ಕೆ, ತಾಳ್ಮೆಗೆ ಆ ಚೀಟಿಯಲ್ಲಿ ಜಾಗವಿಲ್ಲ.

ಇದು ಬರಿಯ ಮರೆವಲ್ಲ, ಅನ್ಯಾಯ. ಒಬ್ಬ ಮನುಷ್ಯನನ್ನು ಅವನ ಸವಕಳಿಯಿಂದ ಮಾತ್ರ ಗುರುತಿಸುತ್ತ ಹೋದರೆ ಕೊನೆಗೆ ಮನೆಯವರೂ ಅಷ್ಟನ್ನೇ ಕಾಣುತ್ತಾರೆ. ಅವನೂ ಅಷ್ಟನ್ನೇ ನಂಬುತ್ತಾನೆ.

ಅಳೆಯುವುದೇ ಬೇಡ ಎನ್ನುತ್ತಿಲ್ಲ. ಮರೆಗುಳಿತನವನ್ನು ಮೂವತ್ತು ಅಂಕಗಳಲ್ಲಿ ಅಳೆಯುವ ಪರೀಕ್ಷೆ 1975ರಲ್ಲಿ ಬಂತು. ಮುಪ್ಪಿನ ಖಿನ್ನತೆಯನ್ನು ಮೂವತ್ತು ಪ್ರಶ್ನೆಗಳಲ್ಲಿ ಹುಡುಕುವ ಮಾಪಕ 1980ರ ದಶಕದ್ದು. ರೋಗವನ್ನು ಬೇಗ ಹಿಡಿಯಲು ಇವು ಬೇಕೇ ಬೇಕು. 2017-18ರಲ್ಲಿ ನಮ್ಮ ದೇಶದಲ್ಲಿ 45 ದಾಟಿದ 72 ಸಾವಿರಕ್ಕೂ ಹೆಚ್ಚು ಜನರ ಸಮೀಕ್ಷೆ ನಡೆದಾಗ ಕೈಹಿಡಿತದ ಬಲವನ್ನೂ ಯಂತ್ರ ಹಿಡಿಸಿ ಅಳೆದರು. ಒಳ್ಳೆಯದೇ. ಆದರೆ ಗಂಡ ತೀರಿಕೊಂಡಾಗ, ಕಾರ್ಖಾನೆಗೆ ಬೀಗ ಬಿದ್ದಾಗ, ಮಗ ದೂರದ ಊರಿಗೆ ಹೋದಾಗ ಆ ಕೈ ಯಾವುದನ್ನು ಹಿಡಿದುಕೊಂಡಿತ್ತು? ನಮ್ಮ ದವಾಖಾನೆಗಳಲ್ಲಿ, ನಮ್ಮ ಮನೆಗಳಲ್ಲಿ ಇದನ್ನು ಯಾರು ಕೇಳುತ್ತಾರೆ?

ಕೇಳಿದವರು ಇದ್ದಾರೆ. ಅಮೆರಿಕದಲ್ಲಿ ವ್ಯಾಗ್ನಿಲ್ಡ್ ಮತ್ತು ಯಂಗ್ ಎಂಬ ಇಬ್ಬರು ಸಂಶೋಧಕಿಯರು, ದೊಡ್ಡ ಪೆಟ್ಟು ತಿಂದೂ ಚೇತರಿಸಿಕೊಂಡ 24 ಮಂದಿ ವಯಸ್ಸಾದ ಹೆಂಗಸರ ಜೊತೆ ಮೊದಲು ಕೂತು ಮಾತಾಡಿದರು. ಆ ಮಾತುಗಳಿಂದಲೇ ಗಟ್ಟಿತನವನ್ನು ಅಳೆಯುವ 25 ಹೇಳಿಕೆಗಳ ಮಾಪಕವೊಂದು ಹುಟ್ಟಿ 1993ರಲ್ಲಿ ಪ್ರಕಟವಾಯಿತು. ಮಾಪಕಕ್ಕಿಂತ ನನಗೆ ಹಿಡಿಸಿದ್ದು ಅವರು ಹಿಡಿದ ದಾರಿ: ಮೊದಲು ಕಿವಿ, ಆಮೇಲೆ ಅಂಕ.

ಆ ಮಾಪಕವನ್ನೇ ಕನ್ನಡಕ್ಕಿಳಿಸಿ ತಂದರೆ ಸಾಲದು. ಅದರಲ್ಲಿ ಸ್ವಾವಲಂಬನೆಗೆ, ಒಂಟಿಯಾಗಿ ನಿಲ್ಲಬಲ್ಲ ಧೈರ್ಯಕ್ಕೆ ಬೆಲೆ. ನಮ್ಮ ಅಜ್ಜಿಯ ಬಲವೋ ಅರ್ಧಕ್ಕರ್ಧ ಓಣಿಯಲ್ಲಿದೆ: ಭಜನಾ ಮಂಡಳಿಯಲ್ಲಿ, ಎದುರು ಮನೆಯ ಕಟ್ಟೆಯ ಮೇಲೆ, ಸಂಕೋಚವಿಲ್ಲದೆ ಕೈಗಡ ಕೇಳುವ ಸಲುಗೆಯಲ್ಲಿ. ಅದನ್ನು ಪರಾವಲಂಬನೆ ಎಂದು ಅಂಕ ಕಳೆದರೆ ತಪ್ಪು ಮಾಪಕದ್ದು. ಓದುಬರಹ ಬಾರದವರ ಮಾತು ಬೇರೆಯೇ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಮರೆವಿನ ಪರೀಕ್ಷೆ ಮಾಡಿದವರು 1990ರ ದಶಕದಲ್ಲೇ ಇದನ್ನು ಮನಗಂಡಿದ್ದರು. ಒಂದು ವಾಕ್ಯ ಬರೆಯಿರಿ ಎನ್ನುವ ಬದಲು ನಿಮ್ಮ ಮನೆಯ ಬಗ್ಗೆ ಒಂದು ಮಾತು ಹೇಳಿ ಎಂದು ಕೇಳಿದರು.

ಈ ಬಲ ಹೇಗಿರುತ್ತದೆಂದು ಹುಬ್ಬಳ್ಳಿಗೆ ಹೊರಗಿನವರು ಹೇಳಬೇಕಿಲ್ಲ. 1913ರಲ್ಲಿ ಹುಟ್ಟಿದ ಗಾಯಕಿ ಗಂಗೂಬಾಯಿ ಹಾನಗಲ್ ತೊಂಬತ್ತರ ವಯಸ್ಸಿನಲ್ಲಿ ಅಸ್ಥಿಮಜ್ಜೆಯ ಕ್ಯಾನ್ಸರ್ ಗೆದ್ದರು. 2004ರಲ್ಲಿ, ದಶಕಗಳ ಕಾಲ ಜೊತೆಗೂಡಿ ಹಾಡಿದ ಮಗಳು ಕೃಷ್ಣಾ ತೀರಿಕೊಂಡರು. 2006ರಲ್ಲಿ ಆ ತಾಯಿ ಮತ್ತೆ ವೇದಿಕೆ ಏರಿ ಹಾಡಿದರು. ಆಗಿನ ಅವರ ವೈದ್ಯಕೀಯ ಕಡತ ಒಂದನ್ನೇ ಓದಿದವರಿಗೆ ಆ ಹಾಡಿನ ಸುಳಿವಾದರೂ ಸಿಗುತ್ತಿತ್ತೇ? ಗಂಗೂಬಾಯಿ ಎಲ್ಲರೂ ಆಗಲಾರರು, ಒಪ್ಪುತ್ತೇನೆ. ಆದರೆ ಇಂಥದೊಂದು ಹಟ, ಒಂದು ನಿಷ್ಠೆ, ನಕ್ಕು ಮುಂದೆ ಸಾಗುವ ಒಂದು ಗುಣ ನಮ್ಮ ಓಣಿಯ ಮನೆಮನೆಯಲ್ಲೂ ಹೆಸರಿಲ್ಲದೆ ಬದುಕಿದೆ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ‘ನಮ್ಮವ್ವ ಭಾಳ ಗಟ್ಟಿ’ ಎಂದು ಹೊಗಳಿ ತಿಂಗಳುಗಟ್ಟಲೆ ಫೋನ್ ಮಾಡದ ಮಕ್ಕಳಿದ್ದಾರೆ. ಗಟ್ಟಿತನದ ಅಂಕ ಹೆಚ್ಚು ಬಂದವರಿಗೆ ನೆರವು ಬೇಡ ಎನ್ನುವ ಅಧಿಕಾರಿ ನಾಳೆ ಹುಟ್ಟಬಹುದು. ನೌಕರರ ಪಿಂಚಣಿ ಯೋಜನೆಯಾದ ಇಪಿಎಸ್-95ರ ಕನಿಷ್ಠ ಪಿಂಚಣಿ 2014ರಲ್ಲಿ ತಿಂಗಳಿಗೆ 1000 ರೂಪಾಯಿ ಎಂದು ನಿಗದಿಯಾಯಿತು. ಅಷ್ಟರಲ್ಲಿ ಔಷಧಿ ಅಂಗಡಿಯ ಲೆಕ್ಕ ಚುಕ್ತಾ ಮಾಡಲು ಯಾವ ಆತ್ಮಬಲದಿಂದಲೂ ಆಗದು. ತಂದೆತಾಯಿಯರ ಪಾಲನೆ ಮಕ್ಕಳ ಹೊಣೆ ಎಂದು 2007ರ ಕಾಯ್ದೆ ಹೇಳುವಾಗ, ಅವರು ಗಟ್ಟಿಯಿದ್ದರೆ ಬೇಡ ಎಂದು ವಿನಾಯಿತಿ ಕೊಟ್ಟಿಲ್ಲ. ಬಲವನ್ನು ಗುರುತಿಸುವುದು ಅದಕ್ಕೆ ಆಸರೆ ಕೊಡಲು, ಕೈ ತೊಳೆದುಕೊಳ್ಳಲು ಅಲ್ಲ.

ಆದ್ದರಿಂದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿದ್ಯಾರ್ಥಿಗಳೇ, ಅಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನ ವೈದ್ಯರೇ, ಪ್ರಶ್ನಾವಳಿಯನ್ನು ದೂರದಿಂದ ತರಿಸಬೇಡಿ. ಬಸ್ಸು ಹತ್ತಿ ಗೋಕುಲ ರಸ್ತೆಗೆ ಬನ್ನಿ, ಕಟ್ಟೆಯ ಮೇಲೆ ಕೂಡ್ರಿ, ಕೇಳಿ, ಆಮೇಲೆ ನಮ್ಮ ಮಾತಿನಲ್ಲೇ ಮಾಪಕ ಕಟ್ಟಿ. ಬಡಾವಣೆಯ ವೈದ್ಯರೇ, ನಿಮ್ಮ ಚೀಟಿಯಲ್ಲಿ ಒಂದು ಸಾಲು ಖಾಲಿ ಬಿಡಿ. ಮಕ್ಕಳೇ, ಸೊಸೆಯರೇ, ಮೊಮ್ಮಕ್ಕಳೇ, ನಿಮಗೆ ಮಾಪಕವೂ ಬೇಕಿಲ್ಲ. ಈ ಭಾನುವಾರ ಫೋನ್ ಪಕ್ಕಕ್ಕಿಟ್ಟು ಕೇಳಿ: ‘ಅಜ್ಜಾರ, ಆವಾಗ ಹೆಂಗ ತಡ್ಕೊಂಡ್ರಿ? ಯಾರು ಆಸರಾದ್ರು?’ ಅವರು ಮಾತು ಮುಗಿಸುವ ತನಕ ಎದ್ದು ಹೋಗಬೇಡಿ.